ಬೆಳ್ಳಿ ಕೈ ಒಪ್ಪಿಸಿ ಬಂದೆವು

"ಎಲುಬು ಪ್ಲೇಟಿನ ಮೇಲೇ ಬೆಳೆದುಬಿಟ್ಟಿದೆ. ತೆಗೆಯೋಕೆ ಹೋದ್ರೆ ಕೈ ಮತ್ತೆ ಮುರಿಯುತ್ತೆ" ಎಂದರು ಇವತ್ತು ಸಾಗರದ ಮೂಳೆ ಡಾಕ್ಟರು. ಮಗಳು ಎಕ್ಸ್‌ರೇ ನೋಡುತ್ತ ಕುಳಿತಳು.

ಕವಲೇದುರ್ಗದ ಕೋಟೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮುರಿದುಕೊಂಡ ಕೈ ಅದು. ಆಗ ಎಲುಬಿಗೆ ಹಾಕಿದ ಲೋಹದ ಪ್ಲೇಟು ಒಳಗೇ ಇದೆ. ಯುದ್ಧವಿಮಾನದ ಪೈಲಟ್ ಆಗಲು ಹೊರಟವಳು ಪರೀಕ್ಷೆ, ಸಂದರ್ಶನ ಎರಡರಲ್ಲೂ ಪಾಸಾಗಿದ್ದಳು. ವೈದ್ಯಕೀಯ ತಪಾಸಣೆಯಲ್ಲಿ ಮಾತ್ರ, "ಮೈಯೊಳಗೆ ಲೋಹ ಇದ್ದರೆ ವಿನಾಯಿತಿ ಇಲ್ಲ, ತೆಗೆಸಿಕೊಂಡು ಬಾ" ಎಂದಿದ್ದರು.

ಮನೆಗೆ ಬಂದು ವಿಷಯ ಹೇಳಿದ ಕೂಡಲೇ ನನ್ನ ಅಮ್ಮ ಕಪಾಟಿನಿಂದ ಬೆಳ್ಳಿಯ ಪುಟ್ಟ ಕೈಯೊಂದನ್ನು ತೆಗೆದಳು. ಮೊಮ್ಮಗಳ ಕೈ ಕೂಡಿಕೊಂಡರೆ ದೇವರಿಗೆ ಒಪ್ಪಿಸುತ್ತೇನೆಂದು ಹೊತ್ತಿದ್ದ ಹರಕೆ. ಪ್ಲೇಟು ತೆಗೆಸಿದ ಮೇಲೆ ಕೊಟ್ಟರಾಯಿತೆಂದು ಇಷ್ಟು ದಿನ ತಡೆದಿದ್ದೆವು.

"ಇನ್ನು ಯಾಕಮ್ಮ ಅದು?" ಎಂದೆ, ಸಿಟ್ಟಿನಿಂದಲೇ.

"ಕೈ ಗಟ್ಟಿ ಮಾಡು ಅಂತ ಬೇಡ್ಕಂಡಿದ್ದು ನಾನು. ಅವ್ನು ಮಾಡಿದಾನೆ. ಕೊಡದೆ ಇರಕ್ಕಾಗುತ್ತಾ?"

ಮೂವರೂ ದೇವಸ್ಥಾನಕ್ಕೆ ಹೋದೆವು. ಭಟ್ಟರು ಬೆಳ್ಳಿ ಕೈಯನ್ನು ಹರಿವಾಣಕ್ಕೆ ಹಾಕಿಸಿಕೊಂಡು, "ಕೈ ಪೂರ್ತಿ ಸರಿ ಆಯ್ತಾ?" ಎಂದು ಮಗಳನ್ನು ಕೇಳಿದರು.

"ಬೇಕಾಗಿದ್ದಕ್ಕಿಂತ ಜಾಸ್ತಿನೇ ಆಯ್ತು ಭಟ್ರೇ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊರಡುವಾಗ ಮಗಳು ಅದೇ ಕೈಯಿಂದ ಗಂಟೆ ಬಾರಿಸಿದಳು, ಜೋರಾಗಿ.

ದೇವರ ಮೇಲೆ ನಮ್ಮ ದೂರೇನೂ ಇಲ್ಲ ಸ್ನೇಹಿತರೇ. ಕೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದಾನೆ. ಪಾಸು ಮಾಡುವ ಇಲಾಖೆ ಮಾತ್ರ ಅವನ ಕೈಯಲ್ಲಿಲ್ಲ.