ಬಟ್ಟೆಯೂ ಭಟ್ಟಿಯೂ

ಕರೆಂಟು ಹೋಗಬಹುದು. ವೋಲ್ಟೇಜು ಏರಿ ಯಂತ್ರದ ಹೊಟ್ಟೆ ಸುಡಬಹುದು. ಗಾಜಿನ ಜಗ್ಗು ಕೈಜಾರಬಹುದು. ನೀರು ಸಪ್ಪಗಾಗಿ ಅವ್ವ ಮುಖ ಕಿವುಚಬಹುದು. ಇಲ್ಲವೇ ಹೆಸರು ಕೇಳಿಯೇ ಮುಖ ತಿರುಗಿಸಬಹುದು. ವಿಜ್ಞಾನ ಕಲಿಸುವ ಜೈನರ ಮಾಸ್ತರು ಮನೆಯಲ್ಲೇ ಏನೋ ಇಳಿಸುತ್ತಿದ್ದಾರಂತೆ ಎಂದು ನಮ್ಮೂರು ಐಗಳಿಯ ಕಟ್ಟೆಗಳು ಪಿಸುಗುಡಬಹುದು. ನೀರನ್ನು ಭಟ್ಟಿ ಇಳಿಸುವ ಪುಟ್ಟ ಯಂತ್ರವೊಂದನ್ನು ಅಥಣಿಯಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದ ಮರುದಿನ, ಶನಿವಾರ ಬೆಳಗ್ಗೆ ನಾನು ಮನಸ್ಸಿನಲ್ಲೇ ಬರೆದುಕೊಂಡ ಪಟ್ಟಿಯಿದು. ಬೇರೆಯವರಿಗೆ ಚಹಾ ಹೇಗೋ ನನಗೆ ಆತಂಕ ಹಾಗೆ. ಮುಂಜಾನೆ ಒಂದು ಲೋಟ ಆಗದಿದ್ದರೆ ತಲೆ ನೋಯುತ್ತದೆ.

ಈ ಸಲದ ಕಾರಣ ಮಾತ್ರ ನಗುವಂಥದ್ದಾಗಿರಲಿಲ್ಲ. ಅವ್ವನ ಎರಡೂ ಮೂತ್ರಪಿಂಡಗಳಲ್ಲಿ ಹರಳು. ಒಂದು ಆಗಲೇ ಸೊರಗಿದೆ, ಇನ್ನೊಂದು ಉಳಿಯಬೇಕಾದರೆ ಧಾರಾಳ ನೀರು ಕುಡಿಸಿ ಎಂದಿದ್ದರು ವೈದ್ಯರು. ಅವ್ವನದೋ ವ್ರತ. ನಮ್ಮ ಬಾವಿಯದೇ ನೀರು, ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಕುದಿಸಿ, ಹೊತ್ತು ಮುಳುಗುವುದರೊಳಗೆ ಕುಡಿದು ಮುಗಿಸಬೇಕು. ಹೊರಗಿನ ಕ್ಯಾನಿನ ನೀರು ವರ್ಜ್ಯ. ಆ ಬಾವಿ ವರ್ಷದಿಂದ ವರ್ಷಕ್ಕೆ ಸವಳಾಗಿ, ಅರ್ಧ ಲೋಟಕ್ಕೇ ಅವಳ ಗಂಟಲು ಸಾಕೆನ್ನುತ್ತಿತ್ತು.

ನಾನು ಮೊದಲು ಒಲಿದದ್ದು ಆರ್‌ಒ ಯಂತ್ರಕ್ಕೇ. ಅದರ ಪೊರೆ ನೀರನ್ನು ಒತ್ತಿ ಹಿಂಡಿ, ಉಪ್ಪನ್ನು ತಡೆದು, ಕಾಲುಗಂಟೆಯಲ್ಲಿ ಸಿಹಿನೀರು ಕೊಡುತ್ತದೆ. ಕರೆಂಟೂ ಅಷ್ಟಾಗಿ ಬೇಡ. ಆದರೆ ಉಪ್ಪು ಹೊತ್ತ ಉಳಿದ ನೀರನ್ನೆಲ್ಲ ಇನ್ನೊಂದು ಕೊಳವೆಯಿಂದ ಹೊರದೂಡುತ್ತದೆ. ಪಕ್ಕದ ಮನೆಯ ಬಾಬುರಾವನ ಅಡುಗೆಮನೆಯಲ್ಲಿ ಆ ಕೊಳವೆಯ ಜಾಡು ಹಿಡಿದು ಬಚ್ಚಲು ಮುಟ್ಟಿದ ಅವ್ವ, "ಒಂದು ಕೊಡ ಕುಡ್ಯಾಕ ಎರಡು ಕೊಡ ಬಚ್ಚಲಕ್ಕೇನೋ ತಮ್ಮಾ? ಇದು ಸೋಸೂದಲ್ಲ, ಒಗ್ಯೂದು" ಎಂದಳು. ಆರ್‌ಒ ಪ್ರಕರಣ ಅಲ್ಲಿಗೆ ಮುಕ್ತಾಯ.

ಭಟ್ಟಿಯ ಸ್ವಭಾವ ಬೇರೆ. ಅದು ನೀರನ್ನು ಬಲವಂತಪಡಿಸುವುದಿಲ್ಲ. ಕಾಯಿಸಿ, ಆವಿಯಾಗಿ ಏಳಲು ಬಿಟ್ಟು, ತಣಿಸಿ, ಹನಿಹನಿಯಾಗಿ ಇಳಿಸುತ್ತದೆ. ಚೆಲ್ಲುವುದೇನಿಲ್ಲ, ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ, ಅಷ್ಟೇ. ಕುದಿಸುವುದರಿಂದ ವ್ರತಕ್ಕೂ ಭಂಗವಿಲ್ಲ. ಆದರೆ ಕರೆಂಟನ್ನು ಎಮ್ಮೆಯಂತೆ ಕುಡಿಯುತ್ತದೆ, ಎಮ್ಮೆಯಷ್ಟೇ ಸಾವಧಾನವಾಗಿ ನಡೆಯುತ್ತದೆ. ನಾಲ್ಕು ಲೀಟರಿಗೆ ನಾಲ್ಕು ತಾಸು. ಇನ್ನು ಹೆಸರಿನ ಸಂಕಟ. ನಮ್ಮ ಕಡೆಯ ನಾಲಗೆಯಲ್ಲಿ ಬಟ್ಟೆಯೂ ಬಟ್ಟಿಯೇ, ಸಾರಾಯಿಯ ಭಟ್ಟಿಯೂ ಹೆಚ್ಚುಕಡಿಮೆ ಅದೇ. ನಾನು ಹೆದರಿದಂತೆಯೇ ಬಾಬುರಾವ ಗೋಡೆಯ ಮೇಲಿಂದ ತಲೆಯಿಟ್ಟ: "ಏನ್ ಸರ, ಮನ್ಯಾಗ ಭಟ್ಟಿ ಹಚ್ಚೀರಂತಲ್ರಿ! ಮೊದಲ ಇಳಿಯೂ ಪಹಿಲಿ ಧಾರ ನಮಗ ಇಡ್ರಿ ಮತ್ತ!"

ನಾನು ಬೆವರಿದೆ. ಅವ್ವ ಬೆವರಲಿಲ್ಲ. "ಬಾರೋ ಬಾಬು, ಕುಡದ ಹೋಗು. ಇದು ಏರೂ ಧಾರಲ್ಲ, ನಿನ್ನಂಥವರಿಗೆ ಏರಿದ್ದು ಇಳಿಸೂ ಧಾರ." ತಲೆ ಗೋಡೆಯಾಚೆ ಇಳಿಯಿತು.

ಅವಳು ದಣಿದಿದ್ದಳು. ಅರ್ಧ ದಿನದ ಶಾಲೆ ಮುಗಿಸಿ ಬಂದ ನಾನು, ಇವತ್ತು ಎಲ್ಲ ನಾನೇ ಎಂದು ನೀರು ಸೇದಿ, ಸೋಸಿ, ಯಂತ್ರ ತುಂಬಿಸಿದೆ. ಕರೆಂಟು ನಿಂತಿತು, ಅಂದರೆ ಹೋಗದೆ ನಿಂತಿತು. ನಾಲ್ಕೂವರೆಗೆ ಜಗ್ಗು ತುಂಬಿತು. ಲೋಟ ಎತ್ತಿದ ಅವ್ವ ಹಾಗೇ ತಡೆದಳು.

"ಸೋಸಿದ ಅರಿವಿ ಎಲ್ಲಿ ತೊಳದಿ?"

"ಬಚ್ಚಲದಾಗ, ಬೇ."

ಲೋಟ ಕೆಳಗಿಳಿಯಿತು. ದಿನವೂ ಅವಳು ಸೋಸಿದ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಲ್ಲೇ ಜಾಲಿಸಿ, ಬಟ್ಟೆಗಂಟಿದ ಜೀವಗಳಿರುವ ಆ ನೀರನ್ನು ತಂಬಿಗೆಯಲ್ಲಿ ಹಗ್ಗ ಕಟ್ಟಿ ಬಾವಿಯೊಳಗೆ ಬಿಟ್ಟು, ನೀರ ಮೈಗೆ ತಾಗಿದ ಮೇಲೆ ಮೆಲ್ಲನೆ ಬಗ್ಗಿಸುತ್ತಿದ್ದುದನ್ನು ನಾನು ಹುಟ್ಟಿದಾಗಿನಿಂದ ಕಂಡವನು; ಸೂಕ್ಷ್ಮಜೀವಿಗಳ ಪಾಠವನ್ನು ಇಪ್ಪತ್ತು ವರ್ಷ ಮಾಡಿದವನು.

"ನೀರಡಿಕಿ ನಮಗ. ಮನಿ ಬಿಡೂದು ಅವು ಯಾಕೋ ಯಪ್ಪಾ?" ಎಂದಳು. ಬೈಗುಳವಾಗಿದ್ದರೆ ಸಹಿಸಬಹುದಿತ್ತು. "ಈ ಜಗ್ಗಿನ ನೀರ ಗಿಡಕ್ಕ ಹಾಕು."

ಎರಡು ಯಂತ್ರಗಳನ್ನು ನಾನು ಲೋಟಕ್ಕೆ ಬಂದ ನೀರಿನಿಂದ ಅಳೆದಿದ್ದೆ. ಅವಳು ಅಳೆಯುತ್ತಿದ್ದದ್ದು ಲೋಟಕ್ಕೆ ಬಾರದೆ ಉಳಿದುದರ ಗತಿಯಿಂದ.

ಮತ್ತೆ ಸೇದಿದೆ, ಸೋಸಿದೆ, ಬಟ್ಟೆ ಜಾಲಿಸಿದ ನೀರನ್ನು ತಂಬಿಗೆಯಲ್ಲಿ ಬಾವಿಗಿಳಿಸಿದೆ. ಅವ್ವ ಬಾವಿಯ ಬಳಿ ಬಂದು ಹಗ್ಗ ನೋಡುತ್ತ ನಿಂತಳು. ತಂಬಿಗೆ ನೀರಿಗೆ ತಾಗಿದ್ದು ನನಗಿಂತ ಮೊದಲು ಅವಳಿಗೆ ತಿಳಿಯಿತು. ಐದಾಗಿತ್ತು. ಹೊತ್ತು ಮುಳುಗಲು ತಾಸೊಂದು ಉಳಿದಿತ್ತು. ಬೆಳಗಿನಿಂದ ಅವಳ ಹೊಟ್ಟೆಗಿಳಿದದ್ದು ಅರ್ಧ ಲೋಟ. ಆರ್‌ಒ ಇದ್ದಿದ್ದರೆ ಎಂದು ಮನಸ್ಸು ಗೊಣಗಿತು. ಭಟ್ಟಿ ತನ್ನ ಪಾಡಿಗೆ ಗುನುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದು ಹನಿ, ಮತ್ತೊಂದು. ಹೊಸ್ತಿಲ ಮೇಲೆ ಕೂತ ಅವ್ವ ಒಮ್ಮೆ ಜಗ್ಗನ್ನು, ಒಮ್ಮೆ ಕಬ್ಬಿನ ಸೋಗೆಯ ಮೇಲೆ ಕೂತ ಸೂರ್ಯನನ್ನು ನೋಡುತ್ತಿದ್ದಳು.

ಸೋಗೆ ಕೆಂಪಾದಾಗ ಎರಡು ಲೋಟದಷ್ಟು ಸೇರಿತ್ತು. ಒಂದು ಲೋಟ ತಣಿಸಿ ಕೊಟ್ಟೆ. ಅವ್ವ ಎತ್ತಿ ಹೊಯ್ದುಕೊಂಡು, ಉಸಿರು ಬಿಡದೆ ಮುಗಿಸಿದಳು.

"ಸಪ್ಪಗೈತಿ" ಎಂದಳು. ಲೋಟ ಮುಂದೆ ಚಾಚಿದಳು. "ಇನ್ನೊಂದೀಟು ಹಾಕು, ಹೊತ್ತೈತಿ."

ಕರೆಂಟು ಹೋಗಲಿಲ್ಲ, ಜಗ್ಗು ಒಡೆಯಲಿಲ್ಲ, ಊರು ನಕ್ಕರೂ ಒಂದೇ ಗೋಡೆಯಷ್ಟು ನಕ್ಕಿತು. ನನ್ನ ಪಟ್ಟಿಯಲ್ಲಿ ಭಟ್ಟಿಯಿತ್ತು, ಬಟ್ಟೆಯಿರಲಿಲ್ಲ.