ಬಾಗಿಲ ಹಿಂದೆ ನಿಂತು ಗೆದ್ದ ಪಂದ್ಯ

ಇವತ್ತು ಬೆಳಗ್ಗೆ ಪಕ್ಕದ ಮನೆಯ ಮಗ್ಗ ತಟ್ಟನೆ ನಿಂತಾಗ, ಹಾಸಿಗೆಯಲ್ಲೇ ಇದ್ದ ನನಗೆ ಎಳೆ ಹರಿದದ್ದು ಗೊತ್ತಾಯಿತು. ಮೊಳಕಾಲ್ಮೂರಿನವರ ಕಿವಿಯೇ ಹಾಗೆ, ಗೆಳೆಯರೇ. ಅದು ಕಂಪ್ಯೂಟರ್ ಗೇಮಿಗೂ ಒದಗುತ್ತದೆ ಅಂದುಕೊಂಡಿರಲಿಲ್ಲ.

ಮಧ್ಯಾಹ್ನ ಇಮೇಲ್ ನೋಡಲು ಸೈಬರ್ ಸೆಂಟರಿಗೆ ಹೋದೆ. ಅಲ್ಲಿ ನನ್ನ ತಮ್ಮ ಮಂಜುವಿನ ತಂಡಕ್ಕೂ ಚಳ್ಳಕೆರೆ ಹುಡುಗರಿಗೂ ಶೂಟಿಂಗ್ ಗೇಮಿನ ಪಂದ್ಯ. ನಮ್ಮವರಲ್ಲಿ ಒಬ್ಬ ಬಂದಿರಲಿಲ್ಲ.

“ಅಕ್ಕ, ನೀನೇ ಕೂತ್ಕೊ. ಮುಂದೆ ಓಡಬೇಡ, ಬಾಗಿಲ ಹಿಂದೆ ನಿಂತಿರು, ಸಾಕು,” ಅಂದ ಮಂಜು.

“ಏನ್ಲೇ, ಆಟಕ್ಕೆ ಅಕ್ಕನ್ನ ಕರ್ಕೊಂಡ್ ಬಂದೀಯಾ?” ಎಂದು ಚಳ್ಳಕೆರೆಯವನೊಬ್ಬ ನಕ್ಕ.

ಮೊದಲ ಸುತ್ತಿನಲ್ಲಿ ಓಡಿದೆ, ಸತ್ತೆ. ಆಮೇಲೆ ಗೇಮಿನೊಳಗಿನ ಬಾಗಿಲ ಹಿಂದೆ ನಿಂತೆ. ಹೆಡ್‌ಫೋನಿನಲ್ಲಿ ಯಾರದೋ ಹೆಜ್ಜೆ ಸದ್ದು ಕೇಳಿಸಿತು. ನಾಚಿಕೆಯಿಂದ ಸುಮ್ಮನಿದ್ದೆ, ಅಷ್ಟರಲ್ಲಿ ಆಟದಲ್ಲಿ ಮಂಜು ಸತ್ತ. ಸದ್ದು ಕೇಳಿಸಿತ್ತು ಅಂತ ಆಮೇಲೆ ಒಪ್ಪಿಕೊಂಡೆ.

“ಕೇಳಿಸಿದ್ರೆ ಹೇಳಬಾರ್ದಾ ಅಕ್ಕ?”

ನಮ್ಮ ಹುಡುಗರು ಹೇಗೋ ಆಡಿ ಸಮ ಮಾಡಿಕೊಂಡರು. ಕೊನೆಯ ಸುತ್ತಿನಲ್ಲಿ ಮತ್ತೆ ಅದೇ ಸದ್ದು, ಎಡಗಿವಿಯಲ್ಲಿ, ಮೆಟ್ಟಿಲು ಹತ್ತುವ ಎರಡು ಜೊತೆ ಹೆಜ್ಜೆ. ತರಗತಿಯಲ್ಲಿ ಹಾಜರಿ ಹೇಳಲೂ ತೊದಲುತ್ತಿದ್ದ ನಾನು, ಇಡೀ ಸೆಂಟರಿಗೆ ಕೇಳುವಂತೆ ಅಂದೆ: “ಮಂಜು, ಎಡಕ್ಕೆ, ಮೆಟ್ಲು ಹತ್ರ ಇಬ್ರು ಅವ್ರೆ!”

ಮಂಜು ತಿರುಗಿ ಇಬ್ಬರನ್ನೂ ಹೊಡೆದ. ಗೆದ್ದೆವು. ನಾನು ಒಂದು ಗುಂಡೂ ಹೊಡೆದಿರಲಿಲ್ಲ. ನಕ್ಕಿದ್ದ ಹುಡುಗ ಹೊರಡುವಾಗ, “ಮುಂದಿನ ಭಾನುವಾರ ನಮ್ಮೂರಲ್ಲಿ ಪಂದ್ಯ ಐತೆ, ಬರ್ರಿ ಅಕ್ಕ,” ಅಂದ.

ಹೊಸದಾಗಿ ಆಡುವವರಿಗೆ ನನ್ನ ಸಲಹೆ ಇಷ್ಟೇ: ಓಡಬೇಡಿ, ಕಿವಿಗೊಡಿ, ಕೇಳಿಸಿದ್ದನ್ನು ಜೋರಾಗಿ ಹೇಳಿ.

ಭಾನುವಾರ ಚಳ್ಳಕೆರೆ ಬಸ್ಸಿನಲ್ಲಿ ನಾನೂ ಇರುತ್ತೇನೆ. ಮಂಜುವಿಗೆ ಇನ್ನೂ ಹೇಳಿಲ್ಲ. ಗುಂಡು ಹೊಡೆಯುವುದನ್ನು ಬೇಕಾದರೆ ಅವನು ದಾರಿಯಲ್ಲಿ ಕಲಿಸಲಿ.