ನೀರುನಾಯಿಯ ಮರಿ ಮರಳಿ ಬಂದದ್ದು

ಯಾರದಾದರೂ ಮಗು ಮೊಬೈಲಿನಲ್ಲಿ ಆ ನೀರುನಾಯಿಯ ಕಾರ್ಟೂನ್ ನೋಡುತ್ತಿದ್ದರೆ, ಎಷ್ಟೇ ಗಡಿಬಿಡಿಯಿದ್ದರೂ ನಾನು ಕೊನೆಯವರೆಗೆ ನಿಲ್ಲುತ್ತೇನೆ. ಆ ಕತೆ ಬರೆದವರು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಈಗ ಅವರಿಲ್ಲ.

ಮಕ್ಕಳ ಕತೆಗಳಿಂದ ಹೆಸರು ಮಾಡಿದವರೇ. ಆದರೂ ಕಡಬದ ಪೇಟೆಯಲ್ಲಿ ಅವರನ್ನು ಗುರುತಿಸುತ್ತಿದ್ದದ್ದು ಮೀನು ಮಾರುವವರು ಮಾತ್ರ. ನೀರುನಾಯಿಯ ಕತೆ ಬರೆಯುವ ದಿನಗಳಲ್ಲಿ ದೊಡ್ಡಮ್ಮ ಒಂದು ಮೀನನ್ನೂ ಕೊಳ್ಳದೆ, ಹೊಳೆಮೀನುಗಳ ಊರುಕೇರಿ ವಿಚಾರಿಸುತ್ತಾ ಗಿರಾಕಿಗಳಿಗೆ ಅಡ್ಡ ನಿಂತಿರುತ್ತಿದ್ದರಂತೆ.

ಆ ಕತೆಯಲ್ಲಿ ಕುಮಾರಧಾರೆ ಹೊಳೆಯ ನೆರೆ ಮರಿಯನ್ನು ಕೊಂಡುಹೋಗುತ್ತದೆ. ತಾಯಿ ಬಂಡೆಯ ಮೇಲೆ ಕೂತು ಕಾಯುತ್ತದೆ. ಕತೆ ಅಲ್ಲಿಗೇ ಮುಗಿಯುತ್ತದೆ. ದೊಡ್ಡಮ್ಮನ ಒಬ್ಬನೇ ಮಗ, ನಾನು ಹುಟ್ಟುವ ಮೊದಲು, ಅದೇ ಹೊಳೆಯ ಪಾಲಾದವನು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಮಕ್ಕಳು ಅಳುತ್ತಾರೆ, ಮರಿ ವಾಪಸು ಬರುವ ಹಾಗೆ ಮಾಡಿ ಎಂದು ಪ್ರಕಾಶಕರು ಕೇಳಿದಾಗ ದೊಡ್ಡಮ್ಮ ಸುತರಾಂ ಒಪ್ಪಲಿಲ್ಲ.

"ಬಾರದ್ದನ್ನು ಬಂತೂಂತ ಹೇಗೆ ಬರೆಯುದು?" ಎಂದುಬಿಟ್ಟರು.

ಕತೆ ಎರಡು ಸಲ ಕಾರ್ಟೂನ್ ಸಿನಿಮಾ ಆಯಿತು. ಮೊದಲಿನದ್ದು ಪುಸ್ತಕದ ಹಾಗೆಯೇ ಇತ್ತು. ಪುತ್ತೂರಿನಲ್ಲಿ ತೋರಿಸಿದಾಗ ಮಕ್ಕಳು ಗೊಳೋ ಎಂದು ಅತ್ತರು. ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಪೂರ್ತಿ ನೋಡಿದರು. ಎರಡನೆಯದು ಬರುವಷ್ಟರಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅದರಲ್ಲಿ ಮಾತೇ ಇಲ್ಲ, ಬರೀ ಚಿತ್ರ ಮತ್ತು ಸಂಗೀತ. ಜೀವನವಿಡೀ ಮಾತನ್ನು ತೂಗಿ ತೂಗಿ ಬರೆದವರ ಕತೆಗೆ ಮಾತಿಲ್ಲದ ಸಿನಿಮಾ! ನನಗೆ ಶುರುವಿನಲ್ಲೇ ಮೈ ಉರಿದಿತ್ತು.

ರಾಮಕುಂಜದ ಹತ್ತಿರದ ಒಂದು ಶಾಲೆಯಲ್ಲಿ ಅದನ್ನು ಹಾಕಿದರು. ನಾನು ಪಕ್ಕದಲ್ಲಿ ಕೂತು, ತೆರೆಯ ಮೇಲೆ ಕಂಡದ್ದನ್ನು ದೊಡ್ಡಮ್ಮನ ಕಿವಿಯಲ್ಲಿ ಹೇಳುತ್ತಾ ಹೋದೆ. ನೆರೆ ಬಂತು. ಮರಿ ಹೋಯಿತು. ತಾಯಿ ಬಂಡೆ ಹತ್ತಿತು. ಇನ್ನೇನು ಮುಗಿಯಿತು ಎನ್ನುವಾಗ ದೂರದ ನೀರಿನಲ್ಲಿ ಒಂದು ಪುಟ್ಟ ತಲೆ ಕಾಣಿಸಿತು. ನಾನು ಬಾಯಿ ಮುಚ್ಚಿದೆ. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು.

"ಎಂತ ಆಯ್ತು ಮಾರಾಯ್ತಿ? ಯಾಕೆ ಸುಮ್ಮನಾದೆ?"

"ಎಲ್ಲ ಹಾಳು ಮಾಡಿದ್ದಾರೆ ದೊಡ್ಡಮ್ಮ. ಬನ್ನಿ, ಮನೆಗೆ ಹೋಗುವ."

"ಮರಿ ಬಂತಾ?"

"ಬಂತು," ಎಂದೆ, ಸಿಡುಕಿನಿಂದ.

ಇವರು ಈಗ ಎದ್ದು ನಿಂತು ಎಲ್ಲರಿಗೂ ಸರಿಯಾಗಿ ಮಂಗಳಾರತಿ ಮಾಡುತ್ತಾರೆ ಎಂದುಕೊಂಡೆ. ನನಗೆ ಅದೇ ಬೇಕಿತ್ತು. ದೊಡ್ಡಮ್ಮ ಕೂತಲ್ಲಿಂದ ಏಳಲಿಲ್ಲ. ನನ್ನ ಮೊಣಕೈ ಹಿಡಿದು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ದೊಡ್ಡದಾಗಿದೆಯಾ?"

"ಸ್ವಲ್ಪ ದೊಡ್ಡದಾಗಿದೆ."

"ಬಡಕಲಾಗಿದೆಯಾ?"

"ಇಲ್ಲ. ಚೆನ್ನಾಗಿ ಉಂಟು."

"ತಾಯಿ ಎಂತ ಮಾಡ್ತಾ ಉಂಟು?"

ತೆರೆಯ ಮೇಲೆ ತಾಯಿ ಮರಿಯ ಕುತ್ತಿಗೆ ಕಚ್ಚಿ ಅಲುಗಾಡಿಸುತ್ತಿತ್ತು, ಬಿಟ್ಟು ನೆಕ್ಕುತ್ತಿತ್ತು, ಮತ್ತೆ ಕಚ್ಚುತ್ತಿತ್ತು.

"ಬೈತಾ ಇರುವ ಹಾಗೆ ಕಾಣ್ತದೆ ದೊಡ್ಡಮ್ಮ."

"ಬೈಬೇಕು," ಎಂದರು. "ಇಷ್ಟು ತಡ ಮಾಡಿ ಬಂದದ್ದಕ್ಕೆ ಸರೀ ಬೈಬೇಕು."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ದೊಡ್ಡಮ್ಮ ಕೇಳದಿದ್ದರೂ, ಇನ್ನೊಮ್ಮೆ ಹಾಕುತ್ತೀರಾ ಎಂದು ಸಿನಿಮಾ ಹಾಕಿದವರನ್ನು ಕೇಳಲು ಎದ್ದುಹೋದೆ.